ಟ್ರಿನಿಡಾಡಿನ ಕೊಕ್ಕೊ: ಫಸಲು ಕರಗಿತು, ತಳಿ ಉಳಿಯಿತು

ಟ್ರಿನಿಡಾಡ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬ್ರಯಾನ್ ಲಾರಾ. ವೆನೆಜುವೆಲಾದಿಂದ ಕೇವಲ 11 ಕಿ.ಮೀ. ಆಚೆಗಿರುವ ಈ ದ್ವೀಪ, ಟೊಬೇಗೊ ಜೊತೆಗೂಡಿ 1962ರಲ್ಲಿ ಸ್ವತಂತ್ರವಾಯಿತು. ಈಗ ಬದುಕುತ್ತಿರುವುದು ತೈಲ ಮತ್ತು ಅನಿಲದಿಂದ. ಆದರೆ ಜಗತ್ತಿನ ಕೃಷಿ ಅದಕ್ಕೆ ಋಣಿಯಾಗಿರುವುದು ಕೊಕ್ಕೊ ವಿಷಯದಲ್ಲಿ. ಅಲ್ಲಿನ ಕೊಕ್ಕೊ ಚರಿತ್ರೆಯ ದೊಡ್ಡ ತಿರುವುಗಳೆಲ್ಲ ಅನಾಹುತದ ಬೆನ್ನಿಗೇ ಬಂದಿವೆ.

ಸ್ಪೇನಿನವರ ಕಾಲದಲ್ಲಿ ಬೆಳೆಯುತ್ತಿದ್ದದ್ದು ರುಚಿಗೆ ಹೆಸರಾದ, ಆದರೆ ನಾಜೂಕಿನ ಕ್ರಿಯೊಲೊ. 1727ರಲ್ಲಿ ತೋಟಗಳು ನೆಲಕಚ್ಚಿದವು. ರೋಗವೋ ಬಿರುಗಾಳಿಯೋ, ತಜ್ಞರಲ್ಲಿ ಒಮ್ಮತವಿಲ್ಲ. ಸುಮಾರು ಮೂವತ್ತು ವರ್ಷಗಳ ಮೇಲೆ ತಂದು ನೆಟ್ಟ ಗಟ್ಟಿಮುಟ್ಟಾದ ಫೊರಾಸ್ಟೆರೊ, ಅಳಿದುಳಿದ ಕ್ರಿಯೊಲೊ ಜೊತೆ ತಾನೇ ಬೆರಕೆಯಾಯಿತು. ಹಾಗೆ ಹುಟ್ಟಿದ್ದು ಟ್ರಿನಿಟಾರಿಯೊ: ಒಂದರ ರುಚಿ, ಇನ್ನೊಂದರ ತಾಳಿಕೆ.

19ನೇ ಶತಮಾನದ ಕೊನೆಗೆ ಕೊಕ್ಕೊ ಸಕ್ಕರೆಯನ್ನೂ ಹಿಂದೆ ಹಾಕಿತು. ಕಾಡು ಕಡಿದು ಸಸಿ ನೆಟ್ಟು, ಐದಾರು ವರ್ಷ ಸಾಕಿ, ಫಸಲಿಗೆ ಬಂದ ಮರಕ್ಕಿಷ್ಟು ಎಂದು ಮಾಲೀಕನಿಂದ ಹಣ ಪಡೆಯುವ ಗುತ್ತಿಗೆ ಪದ್ಧತಿ ಅಲ್ಲಿತ್ತು. 1845ರಿಂದ 1917ರವರೆಗೆ ಕೂಲಿ ಕರಾರಿನ ಮೇಲೆ ಬಂದ ಸುಮಾರು 1,44,000 ಭಾರತೀಯರಲ್ಲಿ ಅನೇಕರು, ಕರಾರು ಮುಗಿದ ಮೇಲೆ ಕಬ್ಬಿನ ಗದ್ದೆ ಬಿಟ್ಟು ಇತ್ತ ಬಂದರು. ತೋಟಕ್ಕೆ ನೆರಳು ಕೊಡುತ್ತಿದ್ದದ್ದು ನಮ್ಮ ಕಾಫಿ ಸೀಮೆಯ ಹಾಲವಾಣದ ಬಳಗದ್ದೇ ಒಂದು ಮರ. ಬೀಜ ಒಣಗಿಸುವ ಮನೆಗೆ ಹಳಿಗಳ ಮೇಲೆ ಜಾರುವ ಚಾವಣಿ. ಬಿಸಿಲಿದ್ದರೆ ಸರಿಸುವುದು, ಮಳೆ ಹನಿದರೆ ಎಳೆದು ಮುಚ್ಚುವುದು. ಬೀಜಕ್ಕೆ ಹೊಳಪು ಬರಲೆಂದು ಹೆಣ್ಣುಗಂಡುಗಳು ಬರಿಗಾಲಲ್ಲಿ ಅದನ್ನು ಕುಣಿಕುಣಿದು ತುಳಿಯುತ್ತಿದ್ದರು.

1920ರ ದಶಕದಲ್ಲಿ ಬೆಲೆ ಕುಸಿಯಿತು. 1928ರಲ್ಲಿ ಚಿಗುರನ್ನೆಲ್ಲ ಪೊರಕೆಯಂತೆ ಕೆದರಿಸಿ ಒಣಗಿಸುವ ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಕೂಲಿಯವರನ್ನು ತೈಲ ಬಾವಿಗಳು ಸೆಳೆದುಕೊಂಡವು. ಬೆಳೆ ಮತ್ತೆ ಏಳಲಿಲ್ಲ. ಈಗ ವರ್ಷದ ಇಳುವರಿ ಸಾವಿರ ಟನ್ನಿಗೂ ಕಡಿಮೆ.

ನನ್ನ ಮಟ್ಟಿಗೆ ನಿಜವಾದ ಕಥೆ ಶುರುವಾಗುವುದೇ ಇಲ್ಲಿ. ಸೇಂಟ್ ಆಗಸ್ಟೀನ್‌ನ ಉಷ್ಣವಲಯ ಕೃಷಿ ಕಾಲೇಜಿನಲ್ಲಿ 1930ರಲ್ಲಿ ಕೊಕ್ಕೊ ಸಂಶೋಧನೆ ಆರಂಭವಾಯಿತು. ವಿಜ್ಞಾನಿ ಎಫ್. ಜೆ. ಪೌಂಡ್ ಮೊದಲು ದ್ವೀಪದೊಳಗಿನ ಉತ್ತಮ ಮರಗಳನ್ನು ಆರಿಸಿದ. ಆಮೇಲೆ ರೋಗ ತಡೆಯುವ ಮರ ಹುಡುಕಿಕೊಂಡು ಅಮೆಜಾನ್ ಮೇಲ್ದಂಡೆಗೇ ಹೋಗಿ ಕಾಡುತಳಿಗಳನ್ನು ತಂದ. ಅವುಗಳ ಸಂತತಿ 1944ರಲ್ಲಿ, ವೈರಸ್ ರೋಗದಿಂದ ತತ್ತರಿಸಿದ್ದ ಘಾನಾಕ್ಕೆ ಹೋಯಿತು. ಪಶ್ಚಿಮ ಆಫ್ರಿಕಾದ ಮಿಶ್ರತಳಿಗಳಿಗೆ ಅದೇ ಬುನಾದಿ.

ಇಂದು ಟ್ರಿನಿಡಾಡಿನ ಅಂತರರಾಷ್ಟ್ರೀಯ ತಳಿಕೋಶದಲ್ಲಿ ಸುಮಾರು 2,400 ಬಗೆಗಳಿವೆ. ಕೊಕ್ಕೊ ಬೀಜ ಒಣಗಿದರೆ ಸತ್ತಂತೆ. ಶೀತಪೆಟ್ಟಿಗೆಯಲ್ಲಿ ಕಾಪಿಡಲಾಗದು, ಮರವಾಗಿಯೇ ಸಾಕಬೇಕು. ಬೇರೆ ದೇಶಕ್ಕೆ ಕಸಿಕಡ್ಡಿ ಕೊಡುವ ಮೊದಲು ಅದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ರೋಗ ತಪಾಸಣೆ ಮುಗಿಸಬೇಕು. ಸಾವಿರ ಟನ್ನೂ ಬೆಳೆಯದ ದೇಶ ಕಾಯುತ್ತಿರುವ ಈ ತೋಟದ ಖರ್ಚಿಗೆ, ಲಕ್ಷಗಟ್ಟಲೆ ಟನ್ ಕೊಳ್ಳುವ ಚಾಕೊಲೇಟ್ ಕಂಪನಿಗಳು ದೊಡ್ಡ ಪಾಲು ಹಾಕುವುದೇ ನ್ಯಾಯ.