ಮೇದೋಜೀರಕದ ಹತ್ತಿರಕ್ಕೆ

ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಮೇದೋಜೀರಕ ಗ್ರಂಥಿ ಅಡಗಿದೆ. ಅಲ್ಲಿ ಗಡ್ಡೆ ಬೆಳೆದರೆ ಬಹುಕಾಲ ಸುಳಿವೇ ಸಿಗದು. ಸುಳಿವು ಸಿಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುವುದೇ ಹೆಚ್ಚು. ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಮಾಡಿದರೆ ಕಾಣದೇ ಎಂದು ನೀವು ಕೇಳಬಹುದು. ಎಷ್ಟೋ ಬಾರಿ ಕಾಣದು. ಜಠರ ಹಾಗೂ ಕರುಳಿನಲ್ಲಿರುವ ಗಾಳಿಯು ಶ್ರವಣಾತೀತ ಧ್ವನಿಯನ್ನು ಮುಂದಕ್ಕೆ ಬಿಡುವುದಿಲ್ಲ.

ಇನ್ನೊಂದು ತೊಡಕು ಭೌತವಿಜ್ಞಾನದ್ದು. ಮೃದು ಅಂಗಾಂಶಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವೃತ್ತಿ 3.5 ಮೆಗಾಹರ್ಟ್ಸ್ ಆದರೆ ತರಂಗಾಂತರ ಸುಮಾರು 0.44 ಮಿಲಿಮೀಟರ್, 7.5 ಆದರೆ ಸುಮಾರು 0.2. ತರಂಗಾಂತರ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ. ಆದರೆ ಅಂತಹ ಧ್ವನಿ ಬೇಗನೆ ಕ್ಷೀಣಿಸುತ್ತದೆ. ಆದ್ದರಿಂದ ಸೂಕ್ಷ್ಮವಾಗಿ ನೋಡಲು ಹತ್ತಿರ ಹೋಗಲೇಬೇಕು.

ಒಳಹೋಗುವ ದಾರಿ ಆಗಲೇ ತೆರೆದಿತ್ತು. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹಿರ್ಷೊವಿಟ್ಸ್ ಮತ್ತು ಸಂಗಡಿಗರು ಗಾಜಿನ ಎಳೆಗಳಿಂದ ಬಾಗುವ ಎಂಡೋಸ್ಕೋಪ್ ರೂಪಿಸಿದ್ದರು. ಅದರ ತುದಿಗೆ ಅಲ್ಟ್ರಾಸೌಂಡ್ ಸಾಧನ ಜೋಡಿಸಿದರೆ ಹೇಗೆ? 1980ರಲ್ಲಿ ಮೇಯೋ ಕ್ಲಿನಿಕ್‌ನ ಡಿಮ್ಯಾಗ್ನೊ ತಂಡವೂ ಜರ್ಮನಿಯ ಸ್ಟ್ರೋಮ್, ಕ್ಲಾಸನ್ ಮುಂತಾದವರೂ ಇಂತಹ ಉಪಕರಣಗಳ ಮೊದಲ ವರದಿಗಳನ್ನು ಪ್ರಕಟಿಸಿದರು. ಈಗ ಗ್ರಂಥಿಗೂ ಉಪಕರಣಕ್ಕೂ ನಡುವೆ ಉಳಿದದ್ದು ಜಠರದ ತೆಳುಗೋಡೆ ಮಾತ್ರ.

ಕಂಡರೆ ಸಾಕೇ? ಗಡ್ಡೆ ಯಾವ ಬಗೆಯದೆಂದು ತಿಳಿಯಲು ಜೀವಕೋಶಗಳು ಬೇಕು. ಉಪಕರಣದ ಸುತ್ತಲೂ ವೃತ್ತಾಕಾರವಾಗಿ ನೋಡುವ ಸಾಧನದಲ್ಲಿ ಸೂಜಿ ಬರೀ ಚುಕ್ಕೆಯಂತೆ ಕಾಣುತ್ತದೆ. ಉದ್ದಕ್ಕೆ ನೋಡುವ ಸಾಧನ ಬಂದ ಮೇಲೆ ಸೂಜಿ ಪೂರ್ತಿಯಾಗಿ ಕಂಡಿತು. ಡೆನ್ಮಾರ್ಕ್‌ನ ಪೀಟರ್ ವಿಲ್ಮನ್ ತಂಡ 1992ರಲ್ಲಿ ಹೀಗೆ ಮೇದೋಜೀರಕದಿಂದ ಜೀವಕೋಶ ತೆಗೆದುದನ್ನು ಪ್ರಕಟಿಸಿತು. 2001ರಲ್ಲಿ ಫ್ರಾನ್ಸಿನ ಮಾರ್ಸೇಯ ಜಿಯೊವನ್ನೀನಿ ತಂಡ ಇದೇ ದಾರಿಯಲ್ಲಿ, ತಡೆಗೊಂಡ ಪಿತ್ತನಾಳವನ್ನು ಬರಿದು ಮಾಡಿದ್ದನ್ನು ವರದಿ ಮಾಡಿತು. ನಮ್ಮ ದೇಶದಲ್ಲಿ ಈ ಸೂಜಿಗೆ ಇನ್ನೊಂದು ಕೆಲಸವೂ ಇದೆ: ಅನ್ನನಾಳದ ಪಕ್ಕದ ದುಗ್ಧಗ್ರಂಥಿ ಊದಿಕೊಂಡಾಗ ಅದು ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ನೆರವಾಗುವುದು.

ಆದರೆ ಪರದೆಯ ಮೇಲೆ ಮೂಡುವುದು ಕಪ್ಪುಬಿಳುಪಿನ ಮಸುಕು ಚಿತ್ರ. ಕಲಿಯುವವರು ಮೊದಲು ಮಹಾಪಧಮನಿಯನ್ನು ಗುರುತಿಸಿ, ಅದರ ಕವಲುಗಳ ಜಾಡು ಹಿಡಿದು ಗ್ರಂಥಿಯನ್ನು ತಲುಪುತ್ತಾರೆ. ಅನೇಕ ಕಡೆ ಹಂದಿಯ ಅಂಗಗಳ ಮೇಲೆ ಅಭ್ಯಾಸ ನಡೆಯುತ್ತದೆ. ಪರಿಣತರು ಮಾಡುವ ಪರೀಕ್ಷೆಯನ್ನು ಸಭಾಂಗಣದ ಪರದೆಯ ಮೇಲೆ ನೇರಪ್ರಸಾರದಲ್ಲಿ ತೋರಿಸುವ ಕಾರ್ಯಾಗಾರಗಳೂ ಇವೆ. ಸಾಮರ್ಥ್ಯ ಅಳೆಯುವ ಮೊದಲು ಮಾರ್ಗದರ್ಶನದಲ್ಲಿ ಕನಿಷ್ಠ 150 ಪರೀಕ್ಷೆಗಳು ಆಗಿರಬೇಕೆಂದು ಅಮೆರಿಕದ ಎಂಡೋಸ್ಕೋಪಿ ಸಂಘ 2001ರಲ್ಲಿ ಸೂಚಿಸಿತು. ಎಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ, ಹಲವರಿಗೆ ಅಷ್ಟೂ ಸಾಲದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಈ ಲೆಕ್ಕ ಏಕೆಂದು ಯೋಚಿಸಿ. ಪಳಗದ ಕಣ್ಣು ಚಿಕ್ಕ ಗಡ್ಡೆಯನ್ನು ದಾಟಿ ಹೋದರೆ ವರದಿಯಲ್ಲಿ ‘ಏನೂ ಇಲ್ಲ’ ಎಂದು ಬರುತ್ತದೆ. ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಗಡ್ಡೆ ಬೆಳೆಯುತ್ತಲೇ ಇರುತ್ತದೆ.