ನಿಮ್ಮ ಇನಿಷಿಯಲ್‌ನಲ್ಲಿ ಯಾವ ಊರಿದೆ?

ಮಹಾಲಕ್ಷ್ಮಿ ಲೇಔಟ್‌ನಲ್ಲಿ ಆಂಜನೇಯನ ಗುಡಿ ಕಡೆ ವಾಕಿಂಗ್ ಹೋಗುವಾಗ ನನಗೊಂದು ಚಟ. ಗೇಟಿನ ಮೇಲಿರೋ ಹೆಸರುಗಳನ್ನ ಓದೋದು. ಹಳೇ ಮನೆಗಳಲ್ಲಿ ಎರಡು ಇನಿಷಿಯಲ್, ಆಮೇಲೆ ಹೆಸರು. ಹೊಸ ಅಪಾರ್ಟ್‌ಮೆಂಟಿನ ಬೋರ್ಡಿನಲ್ಲಿ ಪಾಟೀಲ, ಕುಲಕರ್ಣಿ, ಹೊಸಮನಿ. ಒಂದೇ ರಾಜ್ಯ, ಎರಡು ಪದ್ಧತಿ.

ಹಳೇ ಮೈಸೂರಿನ ಕಡೆ ಮೊದಲಕ್ಷರ ಸಾಮಾನ್ಯವಾಗಿ ಊರಿನದು, ಎರಡನೇದು ಅಪ್ಪನದು. ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ದೇವೇಗೌಡರ ಎಚ್.ಡಿ. ಅಂದ್ರೆ ಹರದನಹಳ್ಳಿ, ದೊಡ್ಡೇಗೌಡ. ನನ್ನ ಪ್ರಕಾರ ಇದು ಸರ್‌ನೇಮೇ ಅಲ್ಲ, ವಿಳಾಸ.

ಉತ್ತರ ಕರ್ನಾಟಕದಲ್ಲಿ ಊರು ಹೆಸರಿನ ಕೊನೆಗೆ ಬರುತ್ತೆ: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ. ಇಲ್ಲಾಂದ್ರೆ ಕಸುಬು ಬರುತ್ತೆ. ಪಾಟೀಲ ಅಂದ್ರೆ ಊರಿನ ಮುಖ್ಯಸ್ಥ, ಕುಲಕರ್ಣಿ ಅಂದ್ರೆ ಲೆಕ್ಕ ಬರೆಯೋನು. ವಂಶಪಾರಂಪರ್ಯವಾಗಿ ಬಂದಿದ್ದ ಆ ಗ್ರಾಮ ಹುದ್ದೆಗಳನ್ನ 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯ್ತು, ಅಡ್ಡಹೆಸರು ಉಳೀತು.

ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರು ಕೇಳಿ ನಮ್ಮ ಬೆಂಗಳೂರಿನವರು ನಗ್ತಾರೆ. ಪೋಲೆಂಡಿನಲ್ಲಿ ‘ತ್ಸೆಬುಲಾ’ ಅನ್ನೋ ಸರ್‌ನೇಮ್ ಇದೆ. ಅರ್ಥ? ಈರುಳ್ಳಿ! ಅಲ್ಲಿನ ಕೊವಾಲ್‌ಸ್ಕಿ ಹುಟ್ಟಿದ್ದು ‘ಕೊವಾಲ್’, ಅಂದರೆ ಕಮ್ಮಾರ ಅನ್ನೋ ಪದದಿಂದ. ನಮ್ಮ ಚಂದ್ರಶೇಖರ ಕಂಬಾರರ ಕಂಬಾರ ಅಂದ್ರೂ ಅದೇ ಅಲ್ವಾ?

ಅದೇ ಸೀಮೆಯ ಯಹೂದಿಗಳ ಕಥೆ ನಮಗೆ ಇನ್ನೂ ಹತ್ತಿರ. ಅವರಲ್ಲಿ ಬಹಳಷ್ಟು ಜನಕ್ಕೆ ಸರ್‌ನೇಮ್ ಇರಲಿಲ್ಲ. ಇಂಥವರ ಮಗ ಇಂಥವನು, ಅಷ್ಟೇ. ಪೋಲೆಂಡಿನ ಒಂದು ಭಾಗ ಆಸ್ಟ್ರಿಯಾ ಕೈಗೆ ಹೋದ ಮೇಲೆ, 1787ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಆಜ್ಞೆ ಹೊರಡಿಸಿದ: ಎಲ್ಲ ಯಹೂದಿಗಳೂ ಜರ್ಮನ್ ಸರ್‌ನೇಮ್ ಇಟ್ಕೋಬೇಕು. ತೆರಿಗೆಗೆ, ಸೈನ್ಯಕ್ಕೆ ಪಟ್ಟಿ ಬೇಕಲ್ಲ. ಜನಕ್ಕೆ ಬೇಕಿರಲಿಲ್ಲ, ಕಚೇರಿಗೆ ಬೇಕಿತ್ತು.

ನಮಗೆ ಚಕ್ರವರ್ತಿ ಬರಲಿಲ್ಲ, ಆನ್‌ಲೈನ್ ಫಾರ್ಮ್ ಬಂತು. ಸರ್‌ನೇಮ್ ಕಾಲಂ, ಪಕ್ಕದಲ್ಲಿ ಕೆಂಪು ನಕ್ಷತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದಿದ್ರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗುತ್ತೆ. ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ! ಅದಕ್ಕೆ ನಾನು ಅಪ್ಪನ ಹೆಸರು ತುಂಬಿದೆ. ಈಗ ಆಫೀಸ್ ಕಾಲ್‌ನಲ್ಲಿ ಹೊರದೇಶದವರು ನನ್ನನ್ನ ನಮ್ಮಪ್ಪನ ಹೆಸರು ಹಿಡಿದು ಕರೀತಾರೆ. ಮೊದಮೊದಲು ಅಪ್ಪನೇ ಲೈನಲ್ಲಿದ್ದಾರೇನೋ ಅಂತ ನೆಟ್ಟಗೆ ಕೂರ್ತಿದ್ದೆ.

ಸರ್‌ನೇಮ್ ಇಲ್ಲದಿದ್ರೆ ಒಂದು ಅನುಕೂಲವೂ ಇತ್ತು. ಬರೀ ಇನಿಷಿಯಲ್ ನೋಡಿ ಜಾತಿ ಹೇಳೋದು ಕಷ್ಟ.

ಅಂದಹಾಗೆ, ಸರ್‌ನೇಮ್ ಹುಟ್ಟೋದನ್ನ ನಮ್ಮ ಏರಿಯಾದವರು ಕಣ್ಣಾರೆ ನೋಡಿದ್ದೀವಿ. ಹತ್ತಿರದಲ್ಲೇ ಕಂಠೀರವ ಸ್ಟುಡಿಯೋ ಇದೆಯಲ್ಲ, ಅಣ್ಣಾವ್ರ ಸಮಾಧಿ ಇರೋ ಜಾಗ. ಅವರು ಹುಟ್ಟಿದಾಗ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ರಾಜ್‌ಕುಮಾರ್ ಆದರು. ಮಗ ಪುನೀತ್ ರಾಜ್‌ಕುಮಾರ್, ಮೊಮ್ಮಗ ವಿನಯ್ ರಾಜ್‌ಕುಮಾರ್. ಒಂದು ಸಿನಿಮಾ ಹೆಸರು ಮನೆತನದ ಹೆಸರಾಯ್ತು, ಸಿಂಗಾನಲ್ಲೂರು ಹಿಂದೆ ಉಳೀತು.

ನಮ್ಮನೆಯಲ್ಲೂ ಅಷ್ಟೇ. ಅಣ್ಣನ ಮಗಳ ಆಧಾರ್ ಕಾರ್ಡಿನಲ್ಲಿ ನಮ್ಮೂರಿನ ಅಕ್ಷರ ಇಲ್ಲ. ಅಜ್ಜಿ ಅದನ್ನ ಕೈಯಲ್ಲಿ ಹಿಡಿದು, ‘ಊರು ಎಲ್ಲೋದ್ವೋ?’ ಅಂದ್ರು. ‘ಕಾಲಂ ಇರಲಿಲ್ಲ ಅಜ್ಜಿ’ ಅಂದ ಅಣ್ಣ.

ನಿಮ್ಮ ಮೊದಲಕ್ಷರ ಯಾವ ಊರು? ಮನೆಯಲ್ಲಿ ದೊಡ್ಡವರನ್ನ ಕೇಳಿ, ನಮಗೊಂದು ವಾಯ್ಸ್ ನೋಟ್ ಕಳಿಸಿ.