ಬಯಲುಸೀಮೆಯ ನೆರಳುದೋಟದಲ್ಲಿ ನಿತ್ಯಹರಿತ ಜರೀಗಿಡಗಳು

ಜರೀಗಿಡವೆಂದೊಡನೆ ಕೊಡಗು, ಆಗುಂಬೆಗಳ ಮಳೆಗಾಡು ನೆನಪಿಗೆ ಬರುವುದು ಸಹಜವಾದರೂ, ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ ಬಾಗಲಕೋಟೆ ಜಿಲ್ಲೆಗೆ ಈ ಸಸ್ಯವರ್ಗವು ಸರ್ವಥಾ ಪರಕೀಯವಾದುದಲ್ಲ. ಇಲ್ಲಿ ವರ್ಷವಿಡೀ ಹಸುರಾಗಿ ನಿಲ್ಲುವ ಜರೀದೋಟವನ್ನು ಬಯಸುವವನು ಮಲೆನಾಡನ್ನು ಅನುಕರಿಸಹೊರಡುವ ಮುನ್ನ, ತನ್ನ ಸೀಮೆಯ ಕಲ್ಲು ನೀರನ್ನು ಎಲ್ಲಿ ಹಿಡಿದಿಡುತ್ತದೆ, ಎಲ್ಲಿ ಒಸರಿಸುತ್ತದೆ ಎಂಬುದನ್ನು ಅರಿತುಕೊಳ್ಳತಕ್ಕದ್ದೆಂಬುದು ಈ ಲೇಖನದ ಪ್ರತಿಪಾದ್ಯ.

ರಾಬರ್ಟ್ ಬ್ರೂಸ್ ಫೂಟನು ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ 1876ರ ಗ್ರಂಥದಲ್ಲಿ ವಿವರಿಸಿದ ಕಲಾದಗಿ ಶಿಲಾಸ್ತರಗಳಲ್ಲಿ ಬೆಣಚುಕಲ್ಲು, ಜೇಡಿಪದರ, ಸುಣ್ಣಕಲ್ಲುಗಳು ಸೇರಿವೆ. ಬಾದಾಮಿಯ ಕೆಂಪು ಮರಳುಗಲ್ಲು ಇವುಗಳ ಮೇಲೆ ಕಾಲಾಂತರದಲ್ಲಿ ನಿಕ್ಷಿಪ್ತವಾದುದು. ಬಿರುಕುಗಳಿಂದ ಕೂಡಿದ ಮರಳುಗಲ್ಲಿನೊಳಗೆ ಇಳಿದ ಮಳೆನೀರು ಕೆಳಗಣ ಸಾಂದ್ರವಾದ ಪದರವನ್ನು ತಾಕಿ, ಮುಂದಕ್ಕೆ ಇಳಿಯಲಾರದೆ ಪಕ್ಕಕ್ಕೆ ಹರಿದು, ಬಂಡೆಯ ಮುಖದಲ್ಲಿ ಒರತೆಯಾಗಿ ಹೊರಡುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದ ಬಳಿಯ ಅಕ್ಕತಂಗಿ ಜಲಪಾತವು ಮಳೆಗಾಲದೊಡನೆ ಬತ್ತಿಹೋಗುವಂತಹದು. ಮಹಾಕೂಟದ ವಿಷ್ಣುಪುಷ್ಕರಿಣಿಯಾದರೋ ನೈಸರ್ಗಿಕ ಬುಗ್ಗೆಯಿಂದ ತುಂಬುವ ಕೊಳ. ಒಂದೇ ಬೆಟ್ಟಸಾಲಿನ ಈ ಎರಡು ಜಲಸ್ವಭಾವಗಳು ಜರೀಗಿಡದ ಹಸುರಿನ ವಿಷಯದಲ್ಲಿಯೂ ನಿರ್ಣಾಯಕವಾದುವು.

ಹಂಸಪದಿಯೆಂದು ಆಯುರ್ವೇದ ಬಲ್ಲವರು ಕರೆಯುವ ಅಡಿಯಾಂಟಮ್ ಫಿಲಿಪ್ಪೆನ್ಸ್, ಎಲೆಯ ತುದಿಯನ್ನು ನೆಲಕ್ಕೆ ತಾಗಿಸಿ ಅಲ್ಲಿಯೇ ಬೇರುಬಿಟ್ಟು ನಡೆಯುತ್ತ ಹರಡುವುದಾದರೂ, ತೇವವು ಹಿಂಜರಿದೊಡನೆ ಎಲೆಯುದುರಿಸಿ ಗಡ್ಡೆಯಲ್ಲಿ ಅಡಗುತ್ತದೆ. ಅದರ ಬಂಧುವಾದ ಅಡಿಯಾಂಟಮ್ ಕ್ಯಾಪಿಲಸ್ ವೆನರಿಸ್, ಕಪ್ಪಾಗಿ ಮಿರುಗುವ ಕೂದಲೆಳೆಯಂಥ ದಂಟಿನ ಮೇಲೆ, ನೀರಹನಿ ನಿಲ್ಲದೆ ಜಾರಿಹೋಗುವ ಬೀಸಣಿಗೆಯೆಲೆಗಳನ್ನು ಹೊತ್ತು, ಒರತೆ ಬತ್ತದಿರುವಷ್ಟು ಕಾಲವೂ ಹಸುರಾಗಿರುತ್ತದೆ; ಸುಣ್ಣವು ಇದಕ್ಕೆ ಪ್ರಿಯ. ಹಳೆಯ ಬಾವಿಗಳ ಒಳಗೋಡೆಯಲ್ಲಿಯೂ ಗಾರೆಯ ಸಂದುಗಳಲ್ಲಿಯೂ ನೆಲೆಸಬಲ್ಲ ಟೆರಿಸ್ ವಿಟ್ಟಾಟವನ್ನು ಬಾಗಲಕೋಟೆಯ ಸುಣ್ಣಭರಿತ ನೆಲಕ್ಕೆ ನಾನು ಎಲ್ಲಕ್ಕಿಂತ ಮೊದಲು ಸೂಚಿಸುವೆನು. ಇವೆಲ್ಲಕ್ಕೂ ಭಿನ್ನವಾದುದು ಮಯೂರಶಿಖೆ, ಅಂದರೆ ಆಕ್ಟಿನಿಯೊಪ್ಟೆರಿಸ್ ರೇಡಿಯಾಟ: ಗೇಣುದ್ದವನ್ನೂ ಮುಟ್ಟದ ಈ ಗಿಡದ ಎಲೆಯು ಕಿರಿದಾದ ಪಟ್ಟಿಗಳಾಗಿ ಸೀಳಿ ನವಿಲಿನ ತುರಾಯಿಯ ಆಕಾರ ತಾಳಿರುತ್ತದೆ, ಬೇಸಗೆಯಲ್ಲಿ ಆ ಪಟ್ಟಿಗಳು ಒಳಕ್ಕೆ ಸುರುಳಿಗೊಂಡು ಹುಲ್ಲುಬಣ್ಣಕ್ಕೆ ತಿರುಗಿ ಸತ್ತಂತೆಯೇ ತೋರಿದರೂ, ಮಳೆ ಬಿದ್ದ ಸ್ವಲ್ಪಕಾಲದಲ್ಲಿಯೇ ಅದೇ ಎಲೆ ಬಿಚ್ಚಿಕೊಂಡು ಮರಳಿ ಹಸುರೇರುತ್ತದೆ. ಆದುದರಿಂದ ನಿತ್ಯಹರಿತತ್ವವೆಂಬುದು ಕೇವಲ ಗಿಡದ ಜಾತಿಗುಣವಲ್ಲ. ಗಿಡಕ್ಕೂ ನೀರಿಗೂ ಇರುವ ಸಂಬಂಧದ ಫಲ.

ಕೃಷಿವಿಧಾನವು ಈ ತತ್ತ್ವವನ್ನೇ ಅನುಸರಿಸಬೇಕು. ಹುನಗುಂದದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇರಿಗೆ ಗಾಳಿಯಾಡಗೊಡದು, ಬೇಸಗೆಯಲ್ಲಿ ಬಿರಿದು ಬೇರನ್ನೇ ಹರಿಯುವುದು. ಅಲ್ಲಿ ಮಸಾರಿ ಮಣ್ಣು, ಎಲೆಗೊಬ್ಬರ, ಇದ್ದಿಲು, ಹಂಚಿನ ಚೂರುಗಳನ್ನು ಬೆರೆಸಿ ಎತ್ತರದ ಮಡಿ ಕಟ್ಟುವುದೇ ಲೇಸು. ಇಳಕಲ್ಲಿನಲ್ಲಿ ಸ್ಥಿತಿ ಬೇರೆ. ಅಲ್ಲಿಯ ಪ್ರಸಿದ್ಧವಾದ ಗುಲಾಬಿ ಗ್ರಾನೈಟು ಹಗಲೆಲ್ಲ ಕಾಯ್ದು ರಾತ್ರಿಯಲ್ಲಿ ಆ ಶಾಖವನ್ನು ಬಿಡುವುದರಿಂದ, ಪಡುವಣಕ್ಕೆ ಮುಖಮಾಡಿದ ಕಲ್ಲುಗಳ ನಡುವೆ ಜರೀಗಿಡವನ್ನು ನೆಡಲಾಗದು. ಆದರೆ ಅದೇ ಊರಿನ ನೇಕಾರರ ಕುಣಿಮಗ್ಗದಲ್ಲಿ ನೆಲದ ತಂಪು ಎಳೆಗಳು ಒಣಗಿ ಹರಿಯದಂತೆ ಕಾಯುವುದುಂಟಷ್ಟೆ. ನೀರು ಬಸಿದುಹೋಗುವ ಗರಸು ನೆಲದಲ್ಲಿ ಮೊಳದಷ್ಟು ತಗ್ಗಿಸಿದ ಮಡಿಯೂ ಅಂತೆಯೇ ಎಲೆಗಳ ಸುತ್ತ ತೇವದ ಗಾಳಿಯನ್ನು ಹಿಡಿದಿಡುವುದು. ಮನೆಯ ಉತ್ತರದ ಗೋಡೆಯ ಬದಿ ಸದಾ ನೆರಳೆಂಬ ನಂಬಿಕೆ ಇಲ್ಲಿ ಪೂರ್ಣವಾಗಿ ಸಲ್ಲದು. ಹದಿನಾರು ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಮೇ ತಿಂಗಳ ಮೊದಲ ವಾರದಿಂದ ಆಗಸ್ಟಿನ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕೇ ಇರುವನಾದುದರಿಂದ, ಬಿಸಿಲು ಅತ್ಯುಗ್ರವಾದಾಗಲೇ ಆ ಬದಿಗೂ ಚಪ್ಪರ ಬೇಕು. ಕೊಳವೆಬಾವಿಯ ಗಡಸುನೀರು ಸುಣ್ಣಪ್ರಿಯ ಜಾತಿಗಳಿಗೆ ಸಹ್ಯವಾದರೂ, ಕುಂಡಗಳಲ್ಲಿ ಬೆಳೆಸುವ ಬಾಸ್ಟನ್ ಜರೀಗಿಡದ ಎಲೆತುದಿಗಳನ್ನು ಕಂದಿಸುವುದು. ಅದಕ್ಕೆ ಮಾಳಿಗೆಯ ಮಳೆನೀರನ್ನು ಕೂಡಿಡಬೇಕು. ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಮಡಿಯಲ್ಲಿ ಹೂತು, ನೀರು ತುಂಬಿ ಬಾಯಿ ಮುಚ್ಚಿಟ್ಟರೆ, ಅದರ ಮೈಯಿಂದ ಹಗಲಿರುಳೂ ಒಸರುವ ತೇವವು ಬಾದಾಮಿಯ ಬಂಡೆ ಮಾಡುವ ಕೆಲಸವನ್ನೇ ಅಲ್ಪಪ್ರಮಾಣದಲ್ಲಿ ಮಾಡುವುದು.

ಸಸಿಗಾಗಿ ದೇಗುಲಗಳ ಗೋಡೆಯನ್ನಾಗಲಿ ಬೆಟ್ಟದ ಒರತೆಗಳನ್ನಾಗಲಿ ಕೆದಕುವುದು ಅನ್ಯಾಯ, ಅನವಶ್ಯಕವೂ ಹೌದು. ಬಲಿತ ಎಲೆಯೊಂದರ ಹಿಂಬದಿಯ ಕಂದುಧೂಳಿನಲ್ಲಿಯೇ ಅಸಂಖ್ಯ ಬೀಜಕಗಳಿರುತ್ತವೆ. ಕುದಿಯುವ ನೀರಿನಲ್ಲಿ ಶುದ್ಧಿಗೊಳಿಸಿ ಆರಿಸಿದ ಇಟ್ಟಿಗೆಯ ತುಂಡನ್ನು ತಟ್ಟೆಯ ನೀರಿನಲ್ಲಿರಿಸಿ, ಬೀಜಕಗಳನ್ನು ಉದುರಿಸಿ ಗಾಜಿನ ಭರಣಿಯಿಂದ ಮುಚ್ಚಿ ನೆರಳಿನಲ್ಲಿಟ್ಟರೆ, ಕೆಲವು ವಾರಗಳಲ್ಲಿ ಹೃದಯಾಕಾರದ ಚಿಕ್ಕ ಹಸುರು ಬಿಲ್ಲೆಗಳು ಕಾಣಿಸುವುವು. ಇವುಗಳ ಪುರುಷಕಣಗಳು ಈಜಿಕೊಂಡೇ ಅಂಡವನ್ನು ಸೇರಬೇಕಾಗಿರುವುದರಿಂದ ಈ ಹಂತದಲ್ಲಿ ತೆಳ್ಳನೆಯ ನೀರಪೊರೆ ಇರಲೇಬೇಕು. ನಿಜವಾದ ಎಲೆ ಮೂಡಿದ ಮೇಲೆಯೇ ಭರಣಿಯನ್ನು ದಿನಕ್ಕಿಷ್ಟಿಷ್ಟು ಎತ್ತುತ್ತ ಸಸಿಯನ್ನು ಹೊರಗಾಳಿಗೆ ಒಗ್ಗಿಸಬೇಕು.